ಟಿಕೆಟ್ ನಂಬರ್ ೩೧೮

ಕಪನೂರಿನ ಬೇಳೆ ಮಿಲ್ಲಿನಿಂದ ಬಂದ ದೂರು
ಒಂದೇ ಸಾಲು:
"ಒಬ್ಬಾಕಿ ಹೆಣ್ಮಗಳು ಲೆಕ್ಕ ಹತ್ತಂಗಿಲ್ಲ ಅಂತಾಳ್ರಿ, ನೋಡ್ರಿ."
ಆದ್ಯತೆ: ಕಡಿಮೆ. ಬಣ್ಣ: ಬೂದಿ.
ಹನ್ನೆರಡು ದಿನ ಅದು ಪಟ್ಟಿಯ ತಳದಲ್ಲಿತ್ತು,
ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತವರ ಹಾಗೆ.

ಕೆಳಗೆ ಪಂಕ್ಚರ್ ಅಂಗಡಿ, ಅದರ ಮೇಲೆ ಹಲ್ಲಿನ ಡಾಕ್ಟರು,
ಅದಕ್ಕೂ ಮೇಲೆ ನಾವು ಒಂಬತ್ತು ಜನ, ಒಂದು ಕೂಲರು.
ಮೇ ತಿಂಗಳಲ್ಲಿ ಗಾಳಿ ಮೊದಲು ಸರ್ವರಿಗೆ, ಆಮೇಲೆ ನಮಗೆ.
ಬೆಳಿಗ್ಗೆ ಹತ್ತಕ್ಕೆ ನಿಂತೇ ಮುಗಿಸುವ ಸಭೆ,
ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು.
ಲೋಹಿತ ದಿನಾ ಒಂದೇ ಹೇಳುತ್ತಾನೆ: "ಕರೆಂಟು."
ಅಂಬರಾಯ ಸರ್ ಬೋರ್ಡಿಗೆ ಹಚ್ಚಿದ ಹಳದಿ ಚೀಟಿಗಳು
ಝಳಕ್ಕೆ ಅಂಟು ಬಿಟ್ಟು, ಮಧ್ಯಾಹ್ನದ ಹೊತ್ತಿಗೆ
ಅರ್ಧ ಕೆಲಸ ತಾನಾಗಿ ನೆಲಕ್ಕೆ ಬಿದ್ದು ಮುಗಿದಿರುತ್ತದೆ.

ಟೆಸ್ಟಿಂಗಿನ ಮೆಹರುನ್ನಿಸಾಗೆ ಸಣ್ಣ ಟಿಕೆಟ್ಟೆಂದರೆ ಗುಮಾನಿ.
"ಎಷ್ಟು ಹತ್ತಂಗಿಲ್ಲ ಅಂತ ಯಾರರ ಕೇಳೀರೇನು?"
ಯಾರೂ ಕೇಳಿರಲಿಲ್ಲ. ಅವಳೇ ಫೋನು ಮಾಡಿದಳು.
ಮಿಲ್ಲಿನ ಸದ್ದಿನೊಳಗಿಂದ ಜಗದೇವಿ ಎಂಬಾಕೆ,
ಬೇಳೆ ಆರಿಸುವಾಕೆ, ಕೂಲಿ ಕಿಲೋ ಲೆಕ್ಕ:
"ಏಳು ಕಿಲೋ ಎಂಟುನೂರು ಅಂತದ ಕಾಟಾ,
ಚೀಟಿ ಬರೇ ಏಳಂತದ.
ಕಾಟಾದ ಅಂಕಿ ನನಗೂ ಬರ್ತದ ಯವ್ವಾ.
ಎಂಟುನೂರು ಎಲ್ಲಿ ಹೋಗ್ತದ?
ಬುಟ್ಟಿಗೊಂದು ತೊಗರಿಕಾಳು ಸೆರಗಿನ್ಯಾಗ ಕಟ್ಟೀನಿ."

ಕಡತ ತೆರೆದೆ. ನಾಲ್ಕು ಸಾವಿರ ಸಾಲು,
ಮುಟ್ಟಿದವರು ಏಳು ಜನ, ಅವರಲ್ಲಿ ಮೂವರು ಈಗಿಲ್ಲ,
ಅಂದರೆ ಹೈದರಾಬಾದಿನಲ್ಲಿದ್ದಾರೆ.
ಸಾವಿರದ ನೂರಾ ಇಪ್ಪತ್ತಾರನೇ ಸಾಲಿನಲ್ಲಿ ಸಿಕ್ಕಿತು:
ಫ್ಲೋರ್.
ಚುಕ್ಕೆಯ ಆಚೆಗಿರುವುದನ್ನೆಲ್ಲ
ನೆಲಕ್ಕೆ ಬಿಡು ಎಂದರ್ಥ.

ಬರೆದವರ ಹೆಸರು ಹೇಳುವ ಆಜ್ಞೆ ಒಂದುಂಟು ನಮ್ಮ ಕಸುಬಿನಲ್ಲಿ,
ಅದನ್ನು ಕರೆಯುವುದೇ ಬ್ಲೇಮ್ ಎಂದು.
ಲೋಹಿತನಿಗೆ ಬಯ್ಯಲು ಎರಡು ಮಾತು ಜೋಡಿಸಿಟ್ಟುಕೊಂಡು ಒತ್ತಿದೆ.
ಪರದೆ ಹೇಳಿತು:
ಸುವರ್ಣಾ ಹಾಗರಗಿ. ಮೂರು ವರ್ಷದ ಹಿಂದೆ.
ರಾತ್ರಿ ಹನ್ನೊಂದು ನಲವತ್ತು.
ಟಿಪ್ಪಣಿ: "ಸದ್ಯಕ್ಕೆ ಹೀಗಿರಲಿ."

ಸದ್ಯಕ್ಕೆ.
ಯುಪಿಎಸ್ಸು ಕೂಗುತ್ತಿತ್ತು, ಕೊನೆಯ ಬಸ್ಸು ಹೋಗಿತ್ತು,
ಸಾಹುಕಾರರಿಗೆ ಬೆಳಿಗ್ಗೆಯೇ ಪ್ರಿಂಟು ಬೇಕಿತ್ತು,
ಚೀಟಿಯ ಕಾಲಮ್ಮು ಸಣ್ಣದು, ದಶಮಾಂಶ ಹಿಡಿಸಲಿಲ್ಲ.
ಇಡೀ ಅಂಕಿಗಳು ಚಂದ ಕಂಡವು. ಮನೆಗೆ ಹೋಗಿ ಮಲಗಿದೆ.
ಮರುದಿನ ಪರಿಶೀಲಿಸಿ ಒಪ್ಪಿಗೆ ಒತ್ತಿದವರು ಅಂಬರಾಯ ಸರ್.
ಅವತ್ತು ಅವರ ಮಗಳ ಕುಬಸ.

ಸರಿಪಡಿಸಲು ಬೇಕಾದದ್ದು ಆರು ಅಕ್ಷರ.
ಹಿಂದಿನದನ್ನು ಕೂಡಿಸಲು ಒಂದಿಡೀ ರಾತ್ರಿ.
ಬೆಳಗಾಗುವಾಗ ಹಾಳೆ ಬಂತು: ನಲವತ್ತೊಂದು ಹೆಂಗಸರು,
ಜಗದೇವಿಯ ಹೆಸರಿನ ಮುಂದೆ
ಎರಡು ಸಾವಿರದ ಒಂಬೈನೂರ ಹನ್ನೆರಡು ಕಿಲೋ.

ಅಂಬರಾಯ ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು,
"ಸಾಹುಕಾರ್ರಿಗಿ ಇದು ಕಳಸಬೇಕೇನು?" ಎಂದರು,
ಕೂಲರನ್ನು ಕೇಳಿದ ಹಾಗೆ. ಜೂನಿಗೆ ಕರಾರು ಮುಗಿಯುತ್ತದೆ.
ಮೆಹರುನ್ನಿಸಾ ಆಗಲೇ ಎರಡು ಪ್ರತಿ ತೆಗೆದಿದ್ದಳು.

ಶುಕ್ರವಾರ ಹೊಸದೇನೂ ಏರಿಸಬಾರದೆಂಬುದು ನಮ್ಮ ನಿಯಮ.
ಅವತ್ತು ಶುಕ್ರವಾರ. ಏರಿಸಿದೆ.
ಟಿಪ್ಪಣಿಯಲ್ಲಿ "ನನ್ನ ತಪ್ಪು" ಎಂದು ಬರೆದು
ಅಳಿಸಿ ಮತ್ತೆ ಬರೆದೆ.

ಸಂಜೆ ಒಂದೇ ಸ್ಕೂಟಿಯಲ್ಲಿ ಇಬ್ಬರೂ ಕಪನೂರಿಗೆ.
ಜಗದೇವಿ ಹಾಳೆ ಮುಟ್ಟಲಿಲ್ಲ.
"ದೊಡ್ಡದು ಆಮ್ಯಾಲ. ಈ ತಿಂಗಳದು ಎಷ್ಟು ಬುಟ್ಟಿ ಅಂತದ, ಹೇಳ್ರಿ ಮೊದಲ."
"ನೂರಾ ಮೂವತ್ತೆಂಟು."
ಶಹಾಬಾದ ಕಲ್ಲಿನ ನೆಲದ ಮೇಲೆ ಸೆರಗಿನ ಗಂಟು ಬಿಚ್ಚಿ
ಹತ್ತರ ಗುಂಪು ಮಾಡುತ್ತ ಹೋದಳು. ನಿಂತೇ ಇದ್ದೆವು.
ಕಡೆಗೆ ಬೆರಳ ತುದಿಯಲ್ಲಿ ಒಂದು ಕಾಳು ಎತ್ತಿ ಹಿಡಿದಳು:
"ಇದು?"

ಮಿಲ್ಲಿನಲ್ಲಿ ಕಾಳು ಎಲ್ಲಿಂದಲಾದರೂ ಬಂದು ಬೀಳಬಹುದು,
ಎಂದು ನಾನು ಹೇಳಲಿದ್ದೆ.
ಮೆಹರುನ್ನಿಸಾ ಮೊಬೈಲು ತೆಗೆದು ಬರೆಯುತ್ತಿದ್ದಳು,
ಟಿಕೆಟ್ ನಂಬರ್ ೩೪೪,
ಆದ್ಯತೆ ಎಂಬಲ್ಲಿ ಬೆರಳು ನಿಲ್ಲಿಸಿ
ನನ್ನ ಮುಖ ನೋಡಿದಳು.